ಎಂಟು ಕುರ್ಚಿಯ ಹೋಟೆಲು, ಹಸಿ ಮೀನು ಮತ್ತು ಅಮ್ಮ

ಮೊನ್ನೆ ರಜೆಗೆ ಬೆಂಗಳೂರಿಗೆ ಬಂದಿದ್ದಾಗ ಹಳೇ ಗೆಳೆಯನೊಬ್ಬನ ಜೊತೆ ಸಣ್ಣ ಜಗಳವೇ ಆಗಿಹೋಯ್ತು. ಜಗಳದ ವಿಷಯ ರಾಜಕೀಯ ಅಲ್ಲ, ಕ್ರಿಕೆಟ್ಟೂ ಅಲ್ಲ. ಒಮಕಾಸೆ!

"ಒಂದು ಹೋಟ್ಲು. ಒಳಗೆ ಎಂಟೇ ಕುರ್ಚಿ. ಮೆನು ಇಲ್ಲ. ಏನು ಕೊಡ್ತೀರಿ ಅಂತ ಕೇಳೋ ಹಾಗಿಲ್ಲ. ಅವನು ಕೊಟ್ಟಿದ್ದನ್ನ ತಿಂದು, ಕೇಳಿದಷ್ಟು ದುಡ್ಡು ಇಟ್ಟು, ಕೈಮುಗಿದು ಬರಬೇಕು. ಇದಕ್ಕಿಂತ ದುರಹಂಕಾರ ಬೇಕಾ? ದುಡ್ಡಿದ್ದೋರ ಶೋಕಿ ಕಣೋ ಇದು" ಅಂದ. ಆ ಹೊತ್ತಿಗೆ ನನ್ನ ಬಾಯಿಂದ ಸರಿಯಾದ ಉತ್ತರ ಬರಲಿಲ್ಲ (ನನಗೆ ಉತ್ತರ ಹೊಳೆಯೋದು ಯಾವಾಗಲೂ ಬಸ್ಸು ಹತ್ತಿದ ಮೇಲೆ). ಹಾಗಾಗಿ ಇಲ್ಲಿ ಬರೆದು ಹಗುರಾಗುತ್ತಿದ್ದೇನೆ. ಅವನು ಇದನ್ನು ಓದುತ್ತಾನೆ ಅಂತ ಗೊತ್ತು. ಓದೋ ಮಾರಾಯ, ಪೂರ್ತಿ ಓದು.

ಮೊದಲು ಅವನ ಮಾತಿನಲ್ಲಿ ನಿಜ ಇರುವಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ. ಟೋಕಿಯೋದಲ್ಲಿ ಏಳು ವರ್ಷದಿಂದ ಇದ್ದೇನೆ, ನಮ್ಮ ದೇಶದವರೇ ತುಂಬಿಕೊಂಡಿರುವ ನಿಶಿ-ಕಸಾಯ್‌ನಲ್ಲಿ. ಒಮ್ಮೆ ಕಂಪನಿಯ ಕೃಪೆಯಿಂದ ಗಿಂಜಾದ ಒಂದು ಭಾರೀ ಹೆಸರಿನ ಕೌಂಟರಿನಲ್ಲಿ ಕೂತಿದ್ದೆ. ಹೆಸರು ಬೇಡ. ಸಂಜೆ ಆರಕ್ಕೆ ಒಂದು ಪಂಕ್ತಿ, ಎಂಟೂವರೆಗೆ ಇನ್ನೊಂದು. ಪ್ರತಿ ತುತ್ತಿನ ಮೇಲೂ ಏನಾದರೂ ಅಲಂಕಾರ, ಒಂದರ ಮೇಲೆ ಚಿನ್ನದ ರೇಕು ಕೂಡ. ಬಡಿಸುವವರು ಒಮ್ಮೆಯೂ ನಮ್ಮ ಮುಖ ನೋಡಲಿಲ್ಲ, ಗೋಡೆಯ ಗಡಿಯಾರ ನೋಡಿದರು. ಪರೀಕ್ಷಾ ಕೊಠಡಿಯಲ್ಲಿ ಕೂತು ಬಂದ ಹಾಗಿತ್ತು. ಅದನ್ನು ಶೋಕಿ ಅಂದರೆ ನನ್ನ ತಕರಾರಿಲ್ಲ.

ಆದರೆ ಅದು ಒಮಕಾಸೆ ಅಲ್ಲ ಅನ್ನುವುದೇ ನನ್ನ ವಾದ. ಅದು ದುಬಾರಿ ಪ್ಲೇಟ್ ಮೀಲ್ಸ್.

ಜಪಾನಿಯಲ್ಲಿ 'ಮಕಸೇರು' ಅಂದರೆ ವಹಿಸಿಕೊಡುವುದು, ಒಪ್ಪಿಸಿಬಿಡುವುದು. ಕೌಂಟರಿನ ಮುಂದೆ ಕೂತು "ಒಮಕಾಸೆ" ಅಂದರೆ "ನಿಮಗೆ ಬಿಟ್ಟಿದ್ದೇನೆ" ಅಂತ. ಹೀಗೆ ಹೇಳುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕು, ಅವನು ನಿಮ್ಮನ್ನು ನೋಡುತ್ತಿರಬೇಕು. ಹಿಂದೆ ಸುಶಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇದ್ದದ್ದು 'ಒಕೊನೊಮಿ', ಅಂದರೆ ನಿಮಗೆ ಇಷ್ಟವಾದದ್ದನ್ನು ಒಂದೊಂದಾಗಿ ಕೇಳಿ ತಿನ್ನುವುದು. ಮತ್ತೊಂದು 'ಒಕಿಮರಿ', ಮೊದಲೇ ಗೊತ್ತುಮಾಡಿದ ತಟ್ಟೆ. ಏನು ಕೇಳಬೇಕು ಅಂತ ಗೊತ್ತಿಲ್ಲದವನು, ಇಲ್ಲವೇ ಎಲ್ಲವೂ ಗೊತ್ತಿದ್ದು ಇವತ್ತು ಮಾರುಕಟ್ಟೆಯಲ್ಲಿ ಏನು ಚೆನ್ನಾಗಿತ್ತು ಅನ್ನುವುದನ್ನು ಅಂಗಡಿಯವನಿಗೇ ಬಿಡುವವನು, ಇಬ್ಬರೂ ಹೇಳುವ ಮಾತು ಒಮಕಾಸೆ. ಅದು ಇಬ್ಬರ ನಡುವಿನ ಮಾತು. ಈಗ ಮೊಬೈಲಿನಲ್ಲಿ ಮುಂಗಡ ಕಟ್ಟುವ ಒಂದು ಐಟಂ ಆಗಿದೆ. ಒಮಕಾಸೆ ಕಾಕ್‌ಟೇಲ್, ಒಮಕಾಸೆ ಪಿಜ್ಜಾ ಕೂಡ ಬಂದಿವೆ, ಇನ್ನೇನು ಒಮಕಾಸೆ ಪಾನಿಪೂರಿ ಬರುವುದೊಂದೇ ಬಾಕಿ :-)

ಸರಿ, ಈಗ ಎಂಟು ಕುರ್ಚಿ ಯಾಕೆ ಅನ್ನುವುದಕ್ಕೆ ಬರೋಣ.

ಗೆಳೆಯ ಹೇಳಿದ ಹಾಗೆ ಕುರ್ಚಿ ಕಡಿಮೆ ಇಟ್ಟು ಬೆಲೆ ಏರಿಸುವ ತಂತ್ರ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಈ ತಿಂಡಿಯ ಚರಿತ್ರೆ ನೋಡಿದರೆ ಶೋಕಿಯ ಗಂಧವೇ ಇಲ್ಲ. ನಾವು ಇವತ್ತು ನೋಡುವ ನಿಗಿರಿ ಸುಶಿ, ಅಂದರೆ ಅನ್ನದ ಉಂಡೆಯ ಮೇಲೆ ಮೀನಿನ ತುಂಡು, 1820ರ ದಶಕದ ಹೊತ್ತಿಗೆ ಎದೊ ಪಟ್ಟಣದಲ್ಲಿ (ಇಂದಿನ ಟೋಕಿಯೋ) ಹುಟ್ಟಿದ್ದು. ಹನಾಯಾ ಯೋಹೆ ಅನ್ನುವವರ ಹೆಸರು ಇದಕ್ಕೆ ಅಂಟಿಕೊಂಡಿದೆ, ಅವರ ಅಂಗಡಿ ಇದ್ದದ್ದು ರ್ಯೋಗೊಕುವಿನಲ್ಲಿ. ಅದು ತಳ್ಳುಗಾಡಿಯ ತಿಂಡಿ. ಕೆಲಸಗಾರರು ನಿಂತು, ಕೈಯಲ್ಲಿ ತೆಗೆದುಕೊಂಡು, ಎರಡು ತುತ್ತು ತಿಂದು ಹೊರಡುತ್ತಿದ್ದರು. ಈಗ ಜನ ಮೈಮರೆಯುವ ತೊರೊ ಇದೆಯಲ್ಲ, ಟ್ಯೂನಾ ಮೀನಿನ ಹೊಟ್ಟೆಯ ಕೊಬ್ಬಿನ ಭಾಗ, ಅದನ್ನು ಆಗ ಯಾರೂ ಮೂಸುತ್ತಿರಲಿಲ್ಲ. ಬೆಕ್ಕು ಕೂಡ ದಾಟಿಕೊಂಡು ಹೋಗುತ್ತದೆ ಅಂತ ಅದಕ್ಕೊಂದು ಅಡ್ಡಹೆಸರೇ ಇತ್ತು. 2019ರ ಜನವರಿಯಲ್ಲಿ ತೊಯೊಸು ಮಾರುಕಟ್ಟೆಯ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದು ಟ್ಯೂನಾ 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಬೆಕ್ಕಿಗೆ ಗೊತ್ತಾಗಿದ್ದರೆ ಏನನ್ನುತ್ತಿತ್ತೋ.

ನನಗೆ ತುಂಬಾ ಹಿಡಿಸಿದ್ದು ಯುದ್ಧದ ನಂತರದ ಒಂದು ಕಥೆ. 1947ರಲ್ಲಿ ಜಪಾನಿನಲ್ಲಿ ಅಕ್ಕಿಗೆ ತತ್ವಾರ, ಸರ್ಕಾರ ಹೋಟೆಲುಗಳನ್ನೇ ಮುಚ್ಚಿಸಿತು. ಟೋಕಿಯೋದ ಸುಶಿ ಅಂಗಡಿಯವರು ಒಂದು ಉಪಾಯ ಮಾಡಿದರು. "ನಾವು ಊಟ ಮಾರುವುದಿಲ್ಲ, ಗಿರಾಕಿ ತನ್ನ ಪಡಿತರದ ಅಕ್ಕಿ ತಂದುಕೊಡುತ್ತಾನೆ, ನಾವು ಕೂಲಿ ತೆಗೆದುಕೊಂಡು ಸುಶಿ ಮಾಡಿಕೊಡುತ್ತೇವೆ" ಅಂತ. ನಾವು ಗಿರಣಿಗೆ ಅಕ್ಕಿ ಕೊಟ್ಟು ಹಿಟ್ಟು ಮಾಡಿಸಿಕೊಂಡು ಬರುತ್ತಿದ್ದೆವಲ್ಲ, ಥೇಟ್ ಹಾಗೇ! ಒಂದು 'ಗೋ' ಅಕ್ಕಿಗೆ (ಸುಮಾರು 180 ಮಿಲಿಲೀಟರ್ ಅಳತೆ) ಹತ್ತು ಸುಶಿ. ಒಬ್ಬರ ಪಾಲು ಅಂದರೆ ಹತ್ತರ ಆಸುಪಾಸು ಅನ್ನುವ ಲೆಕ್ಕಕ್ಕೆ ಆ ದಿನಗಳೇ ಮೂಲ ಅನ್ನುತ್ತಾರೆ. ಅಂದರೆ ಗಿರಾಕಿ ತನ್ನ ಹಸಿವನ್ನೂ ತನ್ನ ಅಕ್ಕಿಯನ್ನೂ ತಂದು ಒಬ್ಬನ ಕೈಗೆ ಒಪ್ಪಿಸುತ್ತಿದ್ದ. ಒಪ್ಪಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಕುರ್ಚಿಯ ಲೆಕ್ಕ ನನಗೆ ಅರ್ಥವಾದದ್ದು ಮಾತ್ರ ಚರಿತ್ರೆಯಿಂದಲ್ಲ, ಅಮ್ಮನಿಂದ.

ಹೋದ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಟೋಕಿಯೋಗೆ ಬಂದಿದ್ದಳು. ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ, ಮೀನಿಲ್ಲದ ಊಟ ಊಟವೇ ಅಲ್ಲ ಅನ್ನುವ ಮನೆ. ಆದರೂ ಸುಶಿ ಅಂದ ಕೂಡಲೇ ಅವಳ ಮುಖ ನೋಡಬೇಕಿತ್ತು. "ಎಂತ ಮಗಾ, ಹಸೀ ಮೀನ್ ತಿಂಬುದಾ? ಬೇಯ್ಸುದೇ ಇಲ್ಯಾ?" ಒಂದು ವಾರ ಒಪ್ಪಲೇ ಇಲ್ಲ. ಕೊನೆಗೆ "ಕಾಂಬುಕೆ ಬತ್ತೆ, ತಿಂಬುಕಲ್ಲ" ಅನ್ನುವ ಷರತ್ತಿನ ಮೇಲೆ ಹೊರಟಳು.

ನಾನು ಕರೆದುಕೊಂಡು ಹೋದದ್ದು ಗಿಂಜಾಕ್ಕಲ್ಲ. ರ್ಯೋಗೊಕುವಿನಲ್ಲಿ, ಸುಮೋ ಕುಸ್ತಿಯ ಅಖಾಡದಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಗಲ್ಲಿಯ ಅಂಗಡಿಗೆ. ನಕ್ಷತ್ರ ಗಿಕ್ಷತ್ರ ಏನೂ ಇಲ್ಲ. ಗಂಡ ಸುಶಿ ಮಾಡುತ್ತಾರೆ, ಹೆಂಡತಿ ಚಹಾ ಕೊಡುತ್ತಾರೆ. ಎಂಟು ಕುರ್ಚಿ. ಮಧ್ಯಾಹ್ನದ ಒಮಕಾಸೆ ಒಬ್ಬರಿಗೆ ಹತ್ತು ಸಾವಿರ ಯೆನ್‌ಗಿಂತ ಸ್ವಲ್ಪ ಕಡಿಮೆ. ಅಗ್ಗ ಅಲ್ಲ, ಒಪ್ಪುತ್ತೇನೆ. ಸುಶಿ ಮಾಡುವವರನ್ನು ಅಲ್ಲಿ 'ತಾಯ್ಶೋ' ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ.

ಬಾಗಿಲು ತೆಗೆದರೆ ಒಂದೇ ಹಲಗೆಯ ಉದ್ದನೆಯ ಕಟ್ಟೆ, ಈಚೆ ನಾವು, ಆಚೆ ಅವರು. ನಡುವೆ ಒಂದು ಮೊಳ ದೂರ. ಮೀನಿನ ವಾಸನೆ ಇಲ್ಲವೇ ಇಲ್ಲ, ಅಮ್ಮ ಮೊದಲು ಗಮನಿಸಿದ್ದು ಅದನ್ನೇ. ಅನ್ನಕ್ಕೆ ಕಲಸಿದ ವಿನೆಗರಿನ ಹುಳಿ ಪರಿಮಳ ಮಾತ್ರ. ಅನ್ನ ಒಂದು ಮರದ ಪಾತ್ರೆಯಲ್ಲಿ ಮುಚ್ಚಿಟ್ಟಿರುತ್ತದೆ, ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಹೆಚ್ಚುಕಡಿಮೆ ನಮ್ಮ ಮೈ ಬಿಸಿಯಷ್ಟೇ. ತಾಯ್ಶೋ ಅದರಿಂದ ಒಂದು ಚಿಟಿಕೆ ತೆಗೆದು, ಎರಡು ಬೆರಳಲ್ಲಿ ಒತ್ತಿ, ಮೀನು ಇಟ್ಟು, ತಿರುಗಿಸಿ, ಮೇಲೆ ಸೋಯಾ ರಸ ಸವರಿ ಎದುರಿಗಿಡುತ್ತಾರೆ. ಆ ಅನ್ನ ಒಳಗೆ ಸಡಿಲವಾಗಿ ಇರುತ್ತದೆ, ಬಾಯಿಗೆ ಹಾಕಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಎರಡು ನಿಮಿಷ ಬಿಟ್ಟರೆ ಅನ್ನ ಆರುತ್ತದೆ, ಮೀನು ಒಣಗುತ್ತದೆ, ಕಡಲಪಾಚಿಯ ಹಾಳೆ ಸುತ್ತಿದ್ದರೆ ಅದು ಮೆತ್ತಗಾಗಿ ಹಪ್ಪಳ ನೆನೆದಂತಾಗುತ್ತದೆ.

ನಾನು ಎರಡನೆಯ ಸುಶಿಯ ಫೋಟೋ ತೆಗೆಯುತ್ತಾ ಕೋನ ಹುಡುಕುತ್ತಿದ್ದೆ. ಪಕ್ಕದಿಂದ ಅಮ್ಮ: "ತಣ್ದ್ ಹೋತ್ತ್, ತಿನ್ ಮಗಾ."

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನೀರುದೋಸೆ ಹೊತ್ತಿನ ಮಾತು ಅದು. ನಮ್ಮನೆಯಲ್ಲಿ ನೀರುದೋಸೆ ಅಂದರೆ ಯಾರೂ ಜಗಲಿಯಲ್ಲಿ ಕೂತು ತಿನ್ನುತ್ತಿರಲಿಲ್ಲ. ಒಲೆಯ ಪಕ್ಕ ಮಣೆ ಹಾಕಿಕೊಂಡು ಮೂರೋ ನಾಲ್ಕೋ ಜನ. ಕಾವಲಿಯಿಂದ ಎದ್ದ ದೋಸೆ ನೇರ ತಟ್ಟೆಗೆ. ತಂಗಿಗೆ ತೆಳ್ಳಗೆ, ನನಗೆ ಅಂಚು ಸ್ವಲ್ಪ ಗರಿಯಾಗಬೇಕು, ಅಪ್ಪನಿಗೆ ಎರಡಾದ ಮೇಲೆ ಸ್ವಲ್ಪ ಬಿಟ್ಟು ಮೂರನೆಯದು. ಯಾರೂ ಕೇಳುತ್ತಿರಲಿಲ್ಲ, ಅವಳು ಯಾರನ್ನೂ ಕೇಳುತ್ತಿರಲಿಲ್ಲ. ತಿನ್ನುವ ವೇಗ ನೋಡಿ ಹೊಯ್ಯುತ್ತಿದ್ದಳು. ಐದನೆಯವರು ಬಂದು ಕೂತರೆ ತಾಳ ತಪ್ಪುತ್ತಿತ್ತು, "ನೀ ಆಮೇಲೆ ಬಾ" ಅಂತ ಎಬ್ಬಿಸುತ್ತಿದ್ದಳು. ಅದು ದುರಹಂಕಾರವಾ ಹೇಳಿ? ಎರಡು ಕೈ, ಎರಡು ಕಣ್ಣು, ಒಂದು ಕಾವಲಿ. ಅದಕ್ಕೆ ಎಷ್ಟು ಜನ ದಕ್ಕುತ್ತಾರೋ ಅಷ್ಟೇ ಮಣೆ.

ಎಂಟು ಕುರ್ಚಿಯ ಗುಟ್ಟು ಅಷ್ಟೇ ಮಾರಾಯ. ಹದಿನೈದು ಜನ ಕೂತರೆ ಹದಿನೈದನೆಯವನ ಮುಖ ತಾಯ್ಶೋಗೆ ಕಾಣುವುದಿಲ್ಲ. ಕಾಣದ ಮೇಲೆ ಮತ್ತೆ ಮೆನು ಬೇಕಾಗುತ್ತದೆ. ಮುಖ ಕಾಣುವವರೆಗೆ ಮೆನು ಬೇಡ.

ಹಸಿ ಮೀನಿನ ವಿಚಾರಕ್ಕೆ ಬಂದರೆ, ಅಮ್ಮನ ಷರತ್ತು ಮೂರನೆಯದಕ್ಕೇ ಮುರಿದು ಬಿತ್ತು. ಅದಕ್ಕೆ ಕಾರಣ ಬಂಗುಡೆ. ಹಳೆಯ ಎದೊ ಕ್ರಮದ ಸುಶಿಯಲ್ಲಿ ಅರ್ಧಕ್ಕರ್ಧ ಹಸಿಯೇ ಅಲ್ಲ. ಮಂಜುಗಡ್ಡೆ ಇಲ್ಲದ ಕಾಲದ ತಿಂಡಿಯಲ್ಲವೇ, ಕೆಡದಂತೆ ಕಾಯುವ ಕೆಲಸವೇ ರುಚಿಯಾಗಿಬಿಟ್ಟಿದೆ. 'ಸಬಾ' ಅನ್ನುವ ಅವರ ಬಂಗುಡೆಗೆ ಉಪ್ಪು ಸವರಿ ಇಟ್ಟು, ತೊಳೆದು, ವಿನೆಗರಿನಲ್ಲಿ ಅದ್ದುತ್ತಾರೆ. 'ಕೊಹದಾ' ಅನ್ನುವ ಸಣ್ಣ ಬೆಳ್ಳಿ ಮೀನಿಗೂ ಅದೇ ಸಂಸ್ಕಾರ. ಎಷ್ಟು ಹೊತ್ತು ಉಪ್ಪು, ಎಷ್ಟು ಹೊತ್ತು ಹುಳಿ ಅನ್ನುವುದು ಮೀನಿನ ಗಾತ್ರ, ಕೊಬ್ಬು, ಆವತ್ತಿನ ಸೆಕೆ ನೋಡಿ ಬದಲಾಗುತ್ತದೆ. ಅಂಗಡಿಯ ಕೈಗುಣ ನೋಡಬೇಕಾದರೆ ತೊರೊ ಅಲ್ಲ, ಕೊಹದಾ ತಿನ್ನು ಅನ್ನುತ್ತಾರೆ ಬಲ್ಲವರು. ಸೀಗಡಿ ಬೇಯಿಸಿದ್ದು. 'ಅನಗೋ' ಅನ್ನುವ ಹಾವುಮೀನು ಬೇಯಿಸಿ ಗಟ್ಟಿ ಸಿಹಿ ರಸ ಸವರಿದ್ದು.

ಇನ್ನೊಂದು ತಮಾಷೆ ಕೇಳಿ. ಆವತ್ತು ಒಂದು ಬಿಳಿ ಮೀನು ಕೊಟ್ಟರು, 'ಕಿಸು' ಅಂತ, ಕೊಂಬು ಅನ್ನುವ ಕಡಲಪಾಚಿಯ ಹಾಳೆಗಳ ನಡುವೆ ಒತ್ತಿಟ್ಟಿದ್ದು. ಅಮ್ಮ ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ ಕಾಣೆ ಅಲ್ದಾ?" ಅಂದಳು. ಮನೆಗೆ ಬಂದು ಹುಡುಕಿ ನೋಡಿದೆ. ನಮ್ಮ ಕಾಣೆ ಮೀನು, ಅವರ ಕಿಸು ಎರಡೂ ಸಿಲ್ಲಾಗೊ ಅನ್ನುವ ಒಂದೇ ಕುಲದವು, ಅಕ್ಕ ತಂಗಿಯರ ಹಾಗೆ! ಐವತ್ತು ವರ್ಷ ಮೀನು ಕೊಯ್ದ ಬಾಯಿಗೆ ಅದು ತಿಳಿಯಿತು. ತಾಯ್ಶೋಗೆ ನಾನು ನನ್ನ ಹರಕು ಜಪಾನಿಯಲ್ಲಿ "ಅಮ್ಮ ಇದನ್ನು ಊರಲ್ಲಿ ಹುರಿಯುತ್ತಾಳೆ" ಅಂದೆ. ಅವರು ಅವಳನ್ನು ಆವತ್ತು ಮೊದಲ ಸಲ ಬೇರೆ ಥರ ನೋಡಿದರು, ಅಡುಗೆಯವರು ಇನ್ನೊಬ್ಬ ಅಡುಗೆಯವರನ್ನು ನೋಡುವ ಹಾಗೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ಅಮ್ಮ ಎಡಚಿ. ಹುಟ್ಟಾ ಎಡಗೈ. ಮೀನು ಕೊಯ್ಯುವುದು, ತೆಂಗಿನಕಾಯಿ ತುರಿಯುವುದು ಎಲ್ಲ ಎಡಗೈಯಲ್ಲೇ. ಉಣ್ಣುವುದು ಮಾತ್ರ ಬಲಗೈಯಲ್ಲಿ. ಚಿಕ್ಕವಳಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಕೈ ಮೇಲೆ ಸೌಟಿನಲ್ಲಿ ಹೊಡೆಯುತ್ತಿದ್ದರಂತೆ. ನಮ್ಮ ಕಡೆ ಬಹಳ ಮನೆಗಳ ಕಥೆ ಇದು. ಅವಳ ಬಲಗೈಯ ತುತ್ತು ಇವತ್ತಿಗೂ ಸ್ವಲ್ಪ ಅಡ್ಡಾದಿಡ್ಡಿ, ಅನ್ನ ಉದುರುತ್ತದೆ. ನಾವು ಮಕ್ಕಳು ಅದಕ್ಕೆ ನಗುತ್ತಿದ್ದೆವು ಬೇರೆ.

ಸುಶಿಯನ್ನು ಕೈಯಲ್ಲಿ ತಿಂದರೆ ತಪ್ಪಿಲ್ಲ. ಅಮ್ಮ ಬಲಗೈಯಲ್ಲೇ ಶುರು ಮಾಡಿದಳು. ನಾಲ್ಕನೆಯದೋ ಐದನೆಯದೋ ಬಂದಾಗ, ರುಚಿಯ ಗುಂಗಿನಲ್ಲಿ ಎಡಗೈ ತಾನಾಗಿ ಮುಂದೆ ಹೋಯಿತು. ಅರ್ಧಕ್ಕೆ ನಿಲ್ಲಿಸಿ, ಕೈ ಹಿಂದೆ ತಗೊಂಡು, ಆಚೀಚೆ ನೋಡಿ, ಬಲಗೈಯಲ್ಲಿ ಎತ್ತಿದಳು. ನಾನು ಗಮನಿಸಿದ್ದೆ, ಏನೂ ಅನ್ನಲಿಲ್ಲ. ಮುಂದಿನ ಸುಶಿ ಬಂತು. ನನ್ನ ಎದುರಿಗೆ ಎಂದಿನ ಹಾಗೆ ಬಲಗೈಗೆ ಸಿಗುವಂತೆ ಓರೆಯಾಗಿ. ಅಮ್ಮನ ಎದುರಿಗೆ ಅದೇ ಓರೆ, ಆದರೆ ಆ ಕಡೆಗೆ. ಎಡಗೈಗೆ.

ತಾಯ್ಶೋ ಮುಖ ಎತ್ತಲಿಲ್ಲ, ಮುಂದಿನ ಮೀನು ಕೊಯ್ಯುತ್ತಿದ್ದರು. ಎಡಚರನ್ನು ನೋಡಿ ಸುಶಿಯ ದಿಕ್ಕು ಬದಲಿಸುವುದು ಒಳ್ಳೆಯ ಕೌಂಟರುಗಳಲ್ಲಿ ಇರುವ ರೂಢಿಯೇ, ಏನೂ ಪವಾಡ ಅಲ್ಲ. ನಾನು ಅಮ್ಮನಿಗೆ ಮೆಲ್ಲಗೆ ಹೇಳಿದೆ, "ನಿನ್ನ ಎಡಗೈಗೆ ಅಂತ ಇಟ್ಟದ್ದು." ಅವಳು ಅದನ್ನು ಸುಮಾರು ಹೊತ್ತು ನೋಡುತ್ತಾ ಕೂತಳು (ತಣಿದೇ ಹೋಯಿತು, ನಾನು ಬೈಯಲಿಲ್ಲ). ಆಮೇಲೆ ಎಡಗೈಯಲ್ಲಿ ಎತ್ತಿ ತಿಂದಳು. ಒಂದು ಅಗುಳೂ ಉದುರಲಿಲ್ಲ. ಅವಳಿಗೆ ಆಗ ಅರವತ್ತೆಂಟು.

ಗೆಳೆಯ, ನೀನು ಕೇಳಿದ್ದೆ, ಗಿರಾಕಿಗೆ ಆಯ್ಕೆಯೇ ಇಲ್ಲದ ಊಟ ಎಂಥಾ ಊಟ ಅಂತ. ಅಮ್ಮನ ಮುಂದೆ ನೂರು ಐಟಮ್ಮಿನ ಮೆನು ಇಟ್ಟಿದ್ದರೂ ಅದರಲ್ಲಿ ಇದು ಇರುತ್ತಿರಲಿಲ್ಲ. ಇದ್ದರೂ ಅವಳು ಕೇಳುತ್ತಿರಲಿಲ್ಲ.

ಇನ್ನು ಮತ್ತೊಂದು ಬದಿಯನ್ನೂ ಹೇಳಬೇಕು. ಒಪ್ಪಿಸುವುದು ಅಂದಮೇಲೆ ಗಿರಾಕಿಗೂ ಕೆಲಸ ಇದೆ. ತಿನ್ನದಿರುವುದನ್ನು ಕಾಯ್ದಿರಿಸುವಾಗಲೇ ಹೇಳಬೇಕು. ಸೆಂಟು ಪೂಸಿಕೊಂಡು ಹೋಗಬಾರದು. ಹೊತ್ತಿಗೆ ಸರಿಯಾಗಿ ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ಬರುತ್ತೇನೆ ಅಂತ ಹೇಳಿ ತಪ್ಪಿಸಬಾರದು. ಎಂಟು ಜನಕ್ಕೆ ಅಂತ ಬೆಳಿಗ್ಗೆ ತಂದ ಮೀನು, ಮೂರು ಜನ ಬರದಿದ್ದರೆ ಅವರ ಆವತ್ತಿನ ದುಡಿಮೆ ಹೋಯಿತು. ಅನೇಕ ಕಡೆ ಮುಂಗಡ ಕಟ್ಟಿಸಿಕೊಳ್ಳಲು, ಪರಿಚಯ ಇಲ್ಲದವರಿಗೆ ಬಾಗಿಲು ಮುಚ್ಚಲು ಇದೂ ಒಂದು ಕಾರಣ, ಶುದ್ಧ ಗರ್ವ ಮಾತ್ರ ಅಲ್ಲ. ಆದರೂ ಬಾಗಿಲು ಮುಚ್ಚಿದ್ದು ನನಗೆ ಸಮಾಧಾನ ತರುವುದಿಲ್ಲ. ಗಿಂಜಾದ ನೆಲಮಾಳಿಗೆಯ ಹತ್ತು ಕುರ್ಚಿಯ ಸುಕಿಯಾಬಾಶಿ ಜಿರೊಗೆ 2007ರಲ್ಲಿ ಬಂದ ಟೋಕಿಯೋದ ಮೊದಲ ಮಿಶೆಲಿನ್ ಗೈಡಿನಲ್ಲಿ ಮೂರು ನಕ್ಷತ್ರ ಸಿಕ್ಕಿತು. 2011ರಲ್ಲಿ ಅದರ ಬಗ್ಗೆ ಸಿನಿಮಾ ಬಂತು. 2014ರಲ್ಲಿ ಒಬಾಮಾ ಹೋಗಿ ಕೂತರು. 2019ರ ಕೊನೆಗೆ ಗೈಡಿನವರೇ ಅದನ್ನು ಪಟ್ಟಿಯಿಂದ ಬಿಟ್ಟರು. ರುಚಿ ಕೆಟ್ಟಿತು ಅಂತಲ್ಲ, ಸಾಮಾನ್ಯ ಜನಕ್ಕೆ ಅಲ್ಲಿ ಕುರ್ಚಿ ಕಾಯ್ದಿರಿಸಲು ಆಗುವುದೇ ಇಲ್ಲ ಅಂತ. ತಳ್ಳುಗಾಡಿಯಲ್ಲಿ ಹುಟ್ಟಿದ ತಿಂಡಿಗೆ ಈ ಗತಿ! ಹೆಸರು ಬಂದಷ್ಟೂ ಎದುರಿಗೆ ಕೂರುವವರು ಬೇರೆಯಾಗುತ್ತಾರೆ, ಫೋಟೋಗೆ ಬಂದವರು ಹೆಚ್ಚಾಗುತ್ತಾರೆ, ನೋಡುವ ಕಣ್ಣಿಗೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ನನ್ನ ತಾಯ್ಶೋ ಅಂಗಡಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಸ್ವಾರ್ಥ ಅನ್ನಿ ಬೇಕಾದರೆ.

ಸಸ್ಯಾಹಾರಿ ಗೆಳೆಯರಿಗೆ ಒಂದು ಮಾತು. ಕೊನೆಯಲ್ಲಿ ಕೊಡುವ ಸುರುಳಿಯೊಳಗೆ 'ಕಂಪ್ಯೋ' ಅಂತ ಕಂದು ಬಣ್ಣದ ಪಟ್ಟಿ ಇರುತ್ತದಲ್ಲ, ಅದು ಸೋರೆಕಾಯಿ ಜಾತಿಯದ್ದೇ! ಕಾಯಿಯನ್ನು ರಿಬ್ಬನ್ನಿನ ಹಾಗೆ ಹೆರೆದು, ಒಣಗಿಸಿ, ಸೋಯಾ ಸಕ್ಕರೆಯಲ್ಲಿ ಬೇಯಿಸಿದ್ದು. ಆದರೆ ಬೇಯಿಸುವ ನೀರಿನಲ್ಲಿ ಒಣಮೀನಿನ ರಸ ಇರಬಹುದು, ಕೇಳಿಯೇ ತಿನ್ನಿ. ಅಮ್ಮನಿಗೆ ಹೇಳಿದಾಗ "ಸೋರೆಕಾಯಿಗ್ ಇಷ್ಟ್ ದುಡ್ಡಾ?" ಅಂತ ಅಲ್ಲೇ ಗಟ್ಟಿಯಾಗಿ ಕೇಳಿದಳು. ಪುಣ್ಯಕ್ಕೆ ತಾಯ್ಶೋಗೆ ಕನ್ನಡ ಬರುವುದಿಲ್ಲ.

ರೈಲಿನಲ್ಲಿ ಬರುವಾಗ ಅವಳು ಮೀನಿನ ಬಗ್ಗೆ ಏನೂ ಹೇಳಲಿಲ್ಲ. "ಅವರು ಉಂಬುದ್ ಯಾವಾಗ?" ಅಂತ ಕೇಳಿದಳು. ನಾವೆಲ್ಲ ಎದ್ದು ಹೋದ ಮೇಲೆ ಇರಬೇಕು ಅಂದೆ. "ಹಾಂ, ಮತ್ತೆ" ಅಂದಳು.

ಮಾರನೇ ದಿನ ಭಾನುವಾರ. ನಿಶಿ-ಕಸಾಯ್‌ನ ಇಂಡಿಯನ್ ಅಂಗಡಿಯಿಂದ ತಂದ ಅಕ್ಕಿ ರಾತ್ರಿಯೇ ನೆನೆಹಾಕಿದ್ದೆ (ಜಪಾನಿನ ಅಕ್ಕಿಯಲ್ಲಿ ನೀರುದೋಸೆ ಹೊಯ್ದರೆ ಗೋಂದು ಆಗುತ್ತದೆ, ಅನುಭವದ ಮಾತು). ಅಮ್ಮನನ್ನು ಅಡುಗೆಮನೆಯಲ್ಲೇ ಕುರ್ಚಿ ಹಾಕಿ ಕೂರಿಸಿ, ಸೌಟು ನಾನು ಹಿಡಿದೆ. ಮೊದಲ ಮೂರು ಕಾವಲಿಗೇ ಅಂಟಿಕೊಂಡವು. ನಾಲ್ಕನೆಯದು ಹರಿದು ಬಂತು, ಅದನ್ನೇ ಕೊಟ್ಟೆ. ತಟ್ಟೆಯನ್ನು ಯಾವ ಕಡೆ ಇಡಬೇಕು ಅಂತ ಒಂದು ಕ್ಷಣ ನನಗೆ ಗೊತ್ತಾಗಲಿಲ್ಲ. ಅವಳೇ ಎಳೆದುಕೊಂಡಳು. ಐದನೆಯದು ತಿಂದು "ಅಡ್ಡಿಲ್ಲ" ಅಂದಳು.